ಹತ್ತು ಕೈ ಹೊಡೆದಾಗ ಕೊಲೆ ಯಾರದು?

2023ರಲ್ಲಿ ನಾಲ್ಕು ತಿಂಗಳ ಒಳಗೆ ಮೂರು ರಾಜ್ಯಗಳಲ್ಲಿ ಮೂರು ತೀರ್ಪು ಬಂದವು. ಮೂರೂ ಗುಂಪು ಸೇರಿ ಒಬ್ಬನನ್ನು ಬಡಿದು ಸಾಯಿಸಿದ ಪ್ರಕರಣಗಳು. ಅವುಗಳಿಂದಲೇ ಶುರು ಮಾಡುತ್ತೇನೆ.

ಮೊದಲನೆಯದು ಕೇರಳದ ಅಟ್ಟಪ್ಪಾಡಿಯದು. 2018ರ ಫೆಬ್ರವರಿಯಲ್ಲಿ ಅಲ್ಲಿ ಒಬ್ಬ ಆದಿವಾಸಿ ಯುವಕನನ್ನು ಆಹಾರ ಕದ್ದ ಅನ್ನುವ ಆರೋಪ ಹೊರಿಸಿ ಕಾಡಿನಿಂದ ಹಿಡಿದು ತಂದರು. ಕೈ ಕಟ್ಟಿದರು, ಹೊಡೆದರು, ನಡೆಸಿಕೊಂಡು ಬಂದು ಪೊಲೀಸರಿಗೆ ಒಪ್ಪಿಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಆತ ತೀರಿಕೊಂಡ. 2023ರ ಏಪ್ರಿಲ್‌ನಲ್ಲಿ ಮನ್ನಾರ್ಕಾಡಿನ ವಿಶೇಷ ನ್ಯಾಯಾಲಯ ಹದಿಮೂರು ಜನರಿಗೆ 7 ವರ್ಷ ಕಠಿಣ ಸಜೆ ಕೊಟ್ಟಿತು. ಎರಡನೆಯದು ರಾಜಸ್ಥಾನದ ಅಲ್ವರ್ ಜಿಲ್ಲೆಯದು. 2018ರ ಜುಲೈನಲ್ಲಿ ಹಸು ಹೊಡೆದುಕೊಂಡು ಹೋಗುತ್ತಿದ್ದವನ ಮೇಲೆ ಹಲ್ಲೆಯಾಯಿತು. 2023ರ ಮೇ ತಿಂಗಳಲ್ಲಿ ನಾಲ್ವರಿಗೆ ಏಳೇಳು ವರ್ಷ. ಮೂರನೆಯದು ಜಾರ್ಖಂಡಿನ ಸರಾಯ್‌ಕೆಲಾದ್ದು. 2019ರ ಜೂನ್‌ನಲ್ಲಿ ಕಳ್ಳ ಅಂತ ಅನುಮಾನಿಸಿ ಒಬ್ಬ ಯುವಕನನ್ನು ಕಂಬಕ್ಕೆ ಕಟ್ಟಿ ರಾತ್ರಿಯೆಲ್ಲ ಹೊಡೆದರು. ಕೆಲವು ದಿನಗಳ ನಂತರ ಆತ ಸತ್ತ. 2023ರ ಜುಲೈನಲ್ಲಿ ಹತ್ತು ಜನರಿಗೆ ಹತ್ತತ್ತು ವರ್ಷ.

ಈ ಮೂರರಲ್ಲಿ ಒಂದರಲ್ಲೂ ಶಿಕ್ಷೆ ಕೊಲೆಗೆ ಅಂತ ಆಗಲಿಲ್ಲ. ಕೋರ್ಟಿನ ಭಾಷೆಯಲ್ಲಿ ಹೇಳುವುದಾದರೆ ತ್ರೀ ನಾಟ್ ಟೂ ಬೀಳಲಿಲ್ಲ, ತ್ರೀ ನಾಟ್ ಫೋರ್ ಬಿತ್ತು. ಅಂದರೆ ಕೊಲೆಯಲ್ಲದ ನರಹತ್ಯೆ. ಅಲ್ವರ್ ಮತ್ತು ಸರಾಯ್‌ಕೆಲಾದಲ್ಲಿ 304ರ ಮೊದಲ ಭಾಗ, ಅಟ್ಟಪ್ಪಾಡಿಯಲ್ಲಿ ಎರಡನೇ ಭಾಗ. ಉದ್ದೇಶ ಇದ್ದರೆ ಮೊದಲ ಭಾಗ, ಸಾಯಬಹುದು ಅನ್ನುವ ತಿಳಿವಳಿಕೆ ಮಾತ್ರ ಇದ್ದರೆ ಎರಡನೆಯದು. ಇದನ್ನು ಕೇಳಿದ ಯಾರಿಗಾದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಒಬ್ಬನನ್ನು ಹಿಡಿದು, ಕಟ್ಟಿ, ಹತ್ತು ಜನ ಸೇರಿ ಹೊಡೆದು ಸಾಯಿಸಿದರೆ ಅದು ಕೊಲೆ ಅಲ್ವಾ? ಕೊಲೆ ಅಲ್ಲ ಅನ್ನುವುದಕ್ಕೆ ಕಾನೂನಿನಲ್ಲಿ ಏನು ಕಾರಣ ಇರಬಹುದು?

ಸೆಕ್ಷನ್ ನಂಬರುಗಳ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನರಹತ್ಯೆ ಎಂದರೆ ಏನು ಅನ್ನುವ 299 ಈಗ 100 ಆಗಿದೆ. ಕೊಲೆ ಎಂದರೆ ಏನು ಅನ್ನುವ 300 ಈಗ 101. ಕೊಲೆಗೆ ಶಿಕ್ಷೆ ಹೇಳುವ 302 ಹೋಗಿ 103 ಬಂತು, ನರಹತ್ಯೆಗೆ ಶಿಕ್ಷೆ ಹೇಳುವ 304 ಹೋಗಿ 105 ಬಂತು. ವ್ಯಾಖ್ಯಾನಗಳು ಹೆಚ್ಚುಕಡಿಮೆ 1860ರಲ್ಲಿ ಇದ್ದ ಹಾಗೆಯೇ ಇವೆ. ನಾನು ಹೇಳುವ ತೀರ್ಪುಗಳೆಲ್ಲ ಹಳೆಯ ಸಂಹಿತೆಯವು. ಅದಕ್ಕೆ ಹಳೆಯ ನಂಬರುಗಳನ್ನೇ ಬಳಸುತ್ತೇನೆ. ವಕೀಲರ ಬಾಯಲ್ಲೂ ಇನ್ನೂ ಅವೇ ಇವೆ.

ಗುಂಪು ಸೇರಿ ಸಾಯಿಸಿದ ಯಾವ ಪ್ರಕರಣದಲ್ಲೂ ನ್ಯಾಯಾಧೀಶರ ಎದುರಿಗೆ ಎರಡು ಪ್ರಶ್ನೆಗಳಿರುತ್ತವೆ. ಒಂದು, ಈ ಸಾವು ಎಂಥದ್ದು? ಕೊಲೆಯೋ, ಅದಕ್ಕಿಂತ ಕೆಳಗಿನ ನರಹತ್ಯೆಯೋ? ಎರಡು, ಇದಕ್ಕೆ ಹೊಣೆ ಯಾರು? ಹೊಡೆದವನು ಮಾತ್ರವೋ, ಹಿಡಿದುಕೊಂಡವನೂ ಸೇರಿಯೋ, ಬಾಗಿಲಲ್ಲಿ ನಿಂತವನೂ ಸೇರಿಯೋ? ಇವೆರಡನ್ನೂ ಬೇರೆ ಬೇರೆಯಾಗಿ, ಇದೇ ಕ್ರಮದಲ್ಲಿ ಕೇಳಬೇಕು. ಎರಡನ್ನೂ ಕಲಸಿಬಿಟ್ಟರೆ ಏನಾಗುತ್ತದೆ ನೋಡಿ. 'ಸಾಯಿಸಿದ ಏಟು ಯಾರದು ಅಂತ ಗೊತ್ತಿಲ್ಲ' ಅನ್ನುವುದು ಎರಡನೇ ಪ್ರಶ್ನೆಯ ತೊಡಕು. ಅದು ಮೆಲ್ಲಗೆ ಮೊದಲನೇ ಪ್ರಶ್ನೆಯೊಳಗೆ ನುಸುಳಿ 'ಹಾಗಾದರೆ ಸಾಯಿಸುವ ಉದ್ದೇಶವೇ ಇರಲಿಲ್ಲ' ಅಂತ ಆಗಿಬಿಡುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವ ವಿಷಯ ಇದೇ.

ಮೊದಲನೇ ಪ್ರಶ್ನೆ ನೋಡೋಣ. ಎಲ್ಲ ಕೊಲೆಯೂ ನರಹತ್ಯೆಯೇ. ಎಲ್ಲ ನರಹತ್ಯೆಯೂ ಕೊಲೆ ಅಲ್ಲ. ಸಾಯಿಸಬೇಕು ಅಂತಲೇ ಹೊಡೆದರೆ ಅದು ಕೊಲೆ, ಇದರಲ್ಲಿ ಯಾರಿಗೂ ಗೊಂದಲ ಇಲ್ಲ. ಎದುರಿನವನಿಗೆ ಕಾಯಿಲೆ ಇದೆ, ಇಷ್ಟು ಏಟಿಗೇ ಸಾಯಬಹುದು ಅಂತ ಗೊತ್ತಿದ್ದೂ ಹೊಡೆದರೆ ಅದೂ ಕೊಲೆ. ತುಂಬಿದ ಜನರ ಮೇಲೆ ಗುಂಡು ಹಾರಿಸಿದಂಥ ವಿಪರೀತದ ಕೆಲಸಗಳು ಇನ್ನೊಂದು ಬಗೆ. ಇವುಗಳ ಮಧ್ಯೆ ಮೂರನೆಯದು ಒಂದಿದೆ. ಗುಂಪಿನ ಹಲ್ಲೆಗೆ ಸರಿಯಾಗಿ ಹೊಂದುವುದು ಅದೇ. ಹೊಡೆದವನು ಒಂದು ಗಾಯವನ್ನು ಬೇಕೆಂದೇ ಮಾಡಿದ್ದಾನೆ, ಆ ಗಾಯ ಸಹಜವಾಗಿ ಮನುಷ್ಯನನ್ನು ಸಾಯಿಸಲು ಸಾಕಾಗುವಂಥದ್ದು. ಅಷ್ಟಿದ್ದರೆ ಕೊಲೆ. ಸಾಯಿಸಬೇಕು ಅಂತ ಮನಸ್ಸಿನಲ್ಲಿತ್ತೋ ಇಲ್ಲವೋ, ಅದು ಇಲ್ಲಿ ಬೇಕಿಲ್ಲ.

ಇದು ನಾನು ಎಳೆದು ಕಟ್ಟಿದ ಅರ್ಥ ಅಂದುಕೊಳ್ಳಬೇಡಿ. ಸಂಹಿತೆಯಲ್ಲೇ ಉದಾಹರಣೆ ಇದೆ. ಒಬ್ಬ ಇನ್ನೊಬ್ಬನಿಗೆ ಬೇಕೆಂದೇ ಕತ್ತಿಯಿಂದಲೋ ದೊಣ್ಣೆಯಿಂದಲೋ ಗಾಯ ಮಾಡುತ್ತಾನೆ, ಅದು ಸಹಜವಾಗಿ ಸಾಯಿಸಲು ಸಾಕಾಗುವ ಗಾಯ, ಗಾಯಗೊಂಡವನು ಸಾಯುತ್ತಾನೆ. ಸಾಯಿಸುವ ಉದ್ದೇಶ ಇಲ್ಲದೇ ಇದ್ದಿರಬಹುದು, ಆದರೂ ಇದು ಕೊಲೆ. ನೂರರವತ್ತು ವರ್ಷ ಹಿಂದೆ ಬರೆದ ಸಾಲು ಇದು. ಹೊಸ ಸಂಹಿತೆಯ 101ರಲ್ಲೂ ಇದೆ.

ಈಗ ನಮ್ಮ ಕಡೆ ಹಲ್ಲೆ ಕೇಸುಗಳಲ್ಲಿ ಬರುವ ಮಾತನ್ನು ನೆನಪು ಮಾಡಿಕೊಳ್ಳಿ. 'ಬುದ್ಧಿ ಕಲಿಸೋಣ ಅಂತ ಎರಡೇಟು ಹಾಕಿದ್ವಿ ಸಾರ್. ಸಾಯ್ತಾನೆ ಅಂತ ಯಾರಿಗ್ ಗೊತ್ತಿತ್ತು?' ಜಾತ್ರೆ ಗಲಾಟೆಯಲ್ಲೂ ಇದೇ ಮಾತು, ಗದ್ದೆ ಬದುವಿನ ಜಗಳದಲ್ಲೂ ಇದೇ, ಮಕ್ಕಳ ಕಳ್ಳ ಅಂತ ಹಿಡಿದು ಬಡಿದಲ್ಲೂ ಇದೇ. ಕೇಳುವವರಿಗೆ ಒಂದು ಕ್ಷಣ ಹೌದಲ್ಲ ಅನಿಸುತ್ತದೆ. ಆದರೆ ಮೂರನೇ ಬಗೆಯ ಕೊಲೆಗೆ ಈ ಮಾತು ಉತ್ತರವೇ ಅಲ್ಲ. ಅಲ್ಲಿ ಕಾನೂನು ಕೇಳುವುದು 'ಸಾಯಿಸಬೇಕು ಅಂತ ಇತ್ತಾ' ಅಂತಲ್ಲ. 'ಈ ಏಟನ್ನು ಬೇಕೆಂದೇ ಕೊಟ್ಟೆಯಾ? ಆ ಏಟು ಎಂಥದ್ದು?' ಅಂತ.

ಇದನ್ನು ಸುಪ್ರೀಂ ಕೋರ್ಟ್ 1958ರಲ್ಲೇ ಬಿಡಿಸಿ ಹೇಳಿದೆ. ವಿರ್ಸಾ ಸಿಂಗ್ ಪ್ರಕರಣ, ಪಂಜಾಬಿನದು. ಕಾನೂನು ಓದಿದವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಅದು ಆರು ಜನರ ಮೇಲಿನ ಕೇಸು ಅನ್ನುವುದನ್ನು ಮರೆತಿರುತ್ತಾರೆ. ಉಳಿದ ಐವರೂ ಹೈಕೋರ್ಟಿನಲ್ಲಿ ಬಿಡುಗಡೆಯಾದರು. ಭರ್ಜಿ ಹಿಡಿದವನು ಒಬ್ಬನೇ ಉಳಿದ. ತಿವಿದದ್ದು ಒಂದೇ ಸಲ, ಹೊಟ್ಟೆಗೆ. ಕರುಳಿನ ಮೂರು ಸುರುಳಿ ಹೊರಗೆ ಬಂದಿದ್ದವು. ಒಂದೇ ಏಟಲ್ಲವೇ, ಸಾಯಿಸುವ ಉದ್ದೇಶ ಎಲ್ಲಿದೆ ಅನ್ನುವುದು ವಾದ. ನ್ಯಾಯಮೂರ್ತಿ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಗಾಯ ಆಗಿದೆಯೇ ನೋಡಿ. ಎಂಥ ಗಾಯ ನೋಡಿ. ಅದು ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು ಅನ್ನುವುದನ್ನು ನೋಡಿ. ಕೊನೆಗೆ, ಅದು ಸಹಜವಾಗಿ ಸಾಯಿಸಲು ಸಾಕಾಗುತ್ತದೆಯೇ ಅಂತ ವೈದ್ಯರ ಮಾತಿನಿಂದ ತೀರ್ಮಾನಿಸಿ. ಈ ಕೊನೆಯದಕ್ಕೂ ಆರೋಪಿಯ ಮನಸ್ಸಿಗೂ ಸಂಬಂಧ ಇಲ್ಲ. ಸಾಯಿಸುವಂಥ ಗಾಯ ಮಾಡುತ್ತಾ ಓಡಾಡಿ, ಆಮೇಲೆ ನಾನು ಕೊಲೆಗಾರ ಅಲ್ಲ ಅನ್ನುವುದಕ್ಕೆ ಯಾರಿಗೂ ಪರವಾನಗಿ ಇಲ್ಲ ಅಂತ ಆ ತೀರ್ಪು ಹೇಳುತ್ತದೆ.

ಗುಂಪಿನ ಹಲ್ಲೆಗೆ ಇದು ಹೇಗೆ ಹೊಂದುತ್ತದೆ ಅನ್ನುವುದಕ್ಕೆ ಇನ್ನೊಂದು ತೀರ್ಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1976ರ ಪುನ್ನಯ್ಯ ಪ್ರಕರಣ. ಆಂಧ್ರದ ರೊಂಪಿಚೆರ್ಲ ಅನ್ನುವ ಊರು. ಊರಲ್ಲಿ ಎರಡು ಬಣ, ಹಳೆಯ ರಾಜಕೀಯ ದ್ವೇಷ. 1968ರಲ್ಲಿ ಒಂದು ಬಣದ ಐವತ್ತೈದು ವರ್ಷದ ವ್ಯಕ್ತಿ ಬಸ್ಸಿಳಿದಾಗ ಎದುರು ಬಣದವರು ದಪ್ಪ ದೊಣ್ಣೆಗಳಿಂದ ಬಡಿದರು. ತಲೆಗೆ ಹೊಡೆಯಲಿಲ್ಲ, ಎದೆಗೆ ಹೊಡೆಯಲಿಲ್ಲ. ಕೈಗೆ, ಕಾಲಿಗೆ. ಪ್ರಜ್ಞೆ ತಪ್ಪುವವರೆಗೆ ಹೊಡೆದರು. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಶವಪರೀಕ್ಷೆಯಲ್ಲಿ 19 ಗಾಯ. ಅದರಲ್ಲಿ 9 ತೀವ್ರವಾದವು, ತೊಡೆಯ ಮೂಳೆ, ಮೊಣಕಾಲ ಕೆಳಗಿನ ಮೂಳೆ, ಮುಂಗೈ ಮೂಳೆ ಎಲ್ಲ ಮುರಿದಿದ್ದವು.

ವಿಚಾರಣಾ ನ್ಯಾಯಾಲಯ ಕೊಲೆ ಅಂದಿತು. ಹೈಕೋರ್ಟ್ 304ರ ಎರಡನೇ ಭಾಗಕ್ಕೆ ಇಳಿಸಿತು. ಪ್ರಾಣಕ್ಕೆ ಕುತ್ತು ತರುವ ಜಾಗಕ್ಕೆ ಹೊಡೆದಿಲ್ಲ, ಹಾಗಾಗಿ ಸಾಯಿಸುವ ಉದ್ದೇಶ ಇರಲಿಲ್ಲ ಅನ್ನುವುದು ಅದರ ತರ್ಕ. ನಮ್ಮ 'ಬುದ್ಧಿ ಕಲಿಸೋಣ ಅಂತ' ಅನ್ನುವ ಮಾತಿನ ಕಾನೂನು ರೂಪ ಇದು. ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರು ನ್ಯಾಯಮೂರ್ತಿ ಸರ್ಕಾರಿಯಾ. ಕೇಂದ್ರ-ರಾಜ್ಯ ಸಂಬಂಧದ ಆಯೋಗದಿಂದ ನಿಮಗೆಲ್ಲ ಗೊತ್ತಿರುವ ಹೆಸರು. ಕೈಕಾಲಿಗೇ ಹೊಡೆದಿರುವುದರಿಂದ ಸಾಯಿಸುವ ಉದ್ದೇಶ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ ಅಂತ ಅವರು ಹೊರಡುತ್ತಾರೆ. ವಾದ ಅಲ್ಲಿಗೆ ಮುಗಿಯುವುದಿಲ್ಲ. ವಯಸ್ಸಾದ ಮನುಷ್ಯ, ದಪ್ಪ ದೊಣ್ಣೆ, ಒಂದರ ಮೇಲೊಂದು ಏಟು. ಈ ಗಾಯಗಳೆಲ್ಲ ಬೇಕೆಂದೇ ಮಾಡಿದವು. ಎಲ್ಲ ಸೇರಿ ಸಹಜವಾಗಿ ಸಾಯಿಸಲು ಸಾಕು. ಹಾಗಾಗಿ ಕೊಲೆ. 302 ಮತ್ತೆ ಬಂತು.

ಇದಕ್ಕೂ ಮೊದಲು, 1965ರಲ್ಲಿ, ರಾಜಸ್ಥಾನದ ಅಂದಾ ಪ್ರಕರಣದಲ್ಲಿ ಇದೇ ವಿಷಯ ಬಂದಿತ್ತು. ಒಬ್ಬನನ್ನು ಮನೆಯೊಳಗೆ ಎಳೆದುಕೊಂಡು ಹೋಗಿ ಹಲವರು ಸೇರಿ ಕೈಕಾಲು ಜಜ್ಜಿದ್ದರು. ಒಂದೊಂದೇ ಗಾಯ ತೆಗೆದುಕೊಂಡರೆ ಸಾಯಿಸುವಂಥದ್ದಲ್ಲ. ಎಲ್ಲವನ್ನೂ ಕೂಡಿಸಿ ನೋಡಿ ಅಂತ ಕೋರ್ಟ್ ಹೇಳಿತು, ಕೊಲೆ ಅಂತ ತೀರ್ಮಾನಿಸಿತು. ಗುಂಪಿನ ಹಲ್ಲೆಗೆ ಇದಕ್ಕಿಂತ ಮುಖ್ಯವಾದ ಮಾತು ನನಗೆ ಇನ್ನೊಂದು ಕಾಣುವುದಿಲ್ಲ. ಹತ್ತು ಜನ ಹೊಡೆದಾಗ ಒಬ್ಬೊಬ್ಬನ ಪಾಲಿಗೆ ಬರುವ ಏಟು ಸಣ್ಣದೇ. ಬಿಡಿಬಿಡಿಯಾಗಿ ಅಳೆದರೆ ಯಾವುದೂ ಕೊಲೆಯ ಮಟ್ಟ ಮುಟ್ಟುವುದಿಲ್ಲ. ಆದರೆ ಸತ್ತವನ ಮೈಗೆ ಏಟು ಬಿಡಿಬಿಡಿಯಾಗಿ ಬೀಳಲಿಲ್ಲ. ಎಲ್ಲವೂ ಒಂದೇ ಮೈಮೇಲೆ ಬಿದ್ದವು.

ಹೊಡೆತವೇ ಇಲ್ಲದ ಒಂದು ಉದಾಹರಣೆ ಕೊಡುತ್ತೇನೆ. ಕೊಚ್ಚಿಯ ನೌಕಾನೆಲೆಯಲ್ಲಿ ಹಣ ಕದಿಯಲು ಕೆಲವರು ಸಂಚು ಮಾಡಿದ್ದರು. ಅಡ್ಡ ಬಂದವರನ್ನು ಸುಮ್ಮನಾಗಿಸಬೇಕಿತ್ತು. ಅಧಿಕಾರಿಯೊಬ್ಬರ ಕೈಕಾಲು ಕಟ್ಟಿದರು, ಬಾಯಿಗೆ ಬಟ್ಟೆ ತುರುಕಿದರು, ಮೂಗಿಗೆ ಕ್ಲೋರೋಫಾರ್ಮ್ ಹತ್ತಿ ಇಟ್ಟು ಮುಚ್ಚಿದರು. ಪ್ರಜ್ಞೆ ತಪ್ಪಿಸುವುದಷ್ಟೇ ಉದ್ದೇಶ ಅಂತ ವಾದ. 1966ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಮೂರನೇ ಬಗೆಯ ಕೊಲೆ ಅಂದಿತು. ಕಟ್ಟಿದ್ದು, ತುರುಕಿದ್ದು, ಮುಚ್ಚಿದ್ದು ಮೂರೂ ಬೇಕೆಂದೇ ಮಾಡಿದ್ದು. ಮೂರೂ ಸೇರಿದರೆ ಉಸಿರು ನಿಲ್ಲುತ್ತದೆ, ಅಷ್ಟೇ. ರಾಜವಂತ್ ಸಿಂಗ್ ಪ್ರಕರಣ ಅಂತ ಇದರ ಹೆಸರು.

ಹಾಗಾದರೆ ಗುಂಪು ಸೇರಿ ಹೊಡೆದದ್ದೆಲ್ಲ ಕೊಲೆಯೇ? ಅಲ್ಲ. ಹಾಗೆ ಹೇಳಿದರೆ ಅದೂ ಅನ್ಯಾಯವೇ. 2006ರ ಪುಲಿಚೆರ್ಲ ನಾಗರಾಜು ತೀರ್ಪನ್ನು ಓದಬೇಕು. ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಹಣ್ಣು ಕಿತ್ತದ್ದು, ದನ ಹೊಲಕ್ಕೆ ನುಗ್ಗಿದ್ದು, ಮಕ್ಕಳ ಜಗಳ, ಒಂದು ಒರಟು ಮಾತು, ಒಂದು ಕೆಟ್ಟ ನೋಟ, ಇಷ್ಟಕ್ಕೇ ಮಾತು ಬೆಳೆದು ಗುಂಪು ಘರ್ಷಣೆಯಾಗಿ ಸಾವಿನಲ್ಲಿ ಮುಗಿಯುವುದುಂಟು ಅಂತ ಅವರು ಬರೆಯುತ್ತಾರೆ. ಹಳ್ಳಿಯನ್ನು ಬಲ್ಲವರ ಮಾತು ಇದು. ಅಲ್ಲಿ ದ್ವೇಷ ಇರಲಿಕ್ಕಿಲ್ಲ, ಸಂಚಂತೂ ಇರುವುದಿಲ್ಲ. ಹಾಗಾಗಿ ಉದ್ದೇಶ ತಿಳಿಯಲು ಏನೇನು ನೋಡಬೇಕು ಅಂತ ಅವರು ಹೇಳಿದರು. ಆಯುಧ ಎಂಥದ್ದು? ಮನೆಯಿಂದ ತಂದದ್ದೋ, ಅಲ್ಲೇ ಬಿದ್ದಿದ್ದನ್ನು ಎತ್ತಿಕೊಂಡದ್ದೋ? ಏಟು ಬಿದ್ದ ಜಾಗ ಯಾವುದು, ಎಷ್ಟು ಜೋರಾಗಿ ಬಿತ್ತು? ಒಂದೇ ಏಟೋ, ಹಲವೋ? ಹಳೆಯ ಹಗೆ ಇತ್ತೋ, ದಿಢೀರ್ ಜಗಳವೋ? ಸತ್ತವನ ಕಡೆಯಿಂದ ಕೆಣಕಿದ್ದು ಉಂಟೋ?

ದಿಢೀರ್ ಜಗಳಕ್ಕೆ ಕಾನೂನಿನಲ್ಲಿ ಪ್ರತ್ಯೇಕ ವಿನಾಯಿತಿಯೂ ಇದೆ. ಮುಂಚೆ ಯೋಚಿಸದೆ, ಸಿಟ್ಟಿನ ಭರದಲ್ಲಿ, ಎರಡೂ ಕಡೆಯವರು ಬಡಿದಾಡಿದರೆ ಅದು ಕೊಲೆಯಿಂದ ನರಹತ್ಯೆಗೆ ಇಳಿಯುತ್ತದೆ. ಷರತ್ತು ಏನೆಂದರೆ, ಅನುಚಿತ ಲಾಭ ತೆಗೆದುಕೊಂಡಿರಬಾರದು, ಕ್ರೌರ್ಯ ತೋರಿರಬಾರದು. ಬರಿಗೈಯವನೊಬ್ಬನನ್ನು ಕಂಬಕ್ಕೆ ಕಟ್ಟಿ ಹತ್ತು ಜನ ಸುತ್ತ ನಿಂತರೆ ಅಲ್ಲಿ 'ಬಡಿದಾಟ' ಎಲ್ಲಿದೆ? ಈ ವಿನಾಯಿತಿಗೆ ಅಲ್ಲಿ ಜಾಗವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಎರಡನೇ ಪ್ರಶ್ನೆಗೆ ಬರೋಣ. ಹೊಣೆ ಯಾರದು? ಇದಕ್ಕೆ ಎರಡು ಸೆಕ್ಷನ್. 34ರಲ್ಲಿ ಸಮಾನ ಉದ್ದೇಶ, ಇಬ್ಬರಿದ್ದರೂ ಸಾಕು. 149ರಲ್ಲಿ ಅಕ್ರಮ ಕೂಟ, ಐದು ಜನ ಬೇಕು, ಕೂಟಕ್ಕೆ ಸಮಾನ ಗುರಿ ಇರಬೇಕು. ಹೊಸ ಸಂಹಿತೆಯಲ್ಲಿ ಇವು 3(5) ಮತ್ತು 190.

ಸಮಾನ ಉದ್ದೇಶಕ್ಕೆ ಹಳೆಯ ಉದಾಹರಣೆ ಕಲ್ಕತ್ತೆಯ ಶಂಕರಿಟೋಲಾ ಅಂಚೆ ಕಚೇರಿ. 1923ರಲ್ಲಿ ಕೆಲವರು ನುಗ್ಗಿ ಹಣ ಕೇಳಿದರು, ಗುಂಡು ಹಾರಿಸಿದರು, ಪೋಸ್ಟ್‌ಮಾಸ್ಟರ್ ಸತ್ತರು. ಸಿಕ್ಕಿಬಿದ್ದವನು ನಾನು ಅಂಗಳದಲ್ಲಿ ನಿಂತಿದ್ದೆ ಅಷ್ಟೇ ಅಂದ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು, ಲಂಡನ್ನಿನ ಪ್ರಿವಿ ಕೌನ್ಸಿಲ್, ಅದನ್ನು ಒಪ್ಪಲಿಲ್ಲ. ಒಟ್ಟು ಕೆಲಸದಲ್ಲಿ ಕಾವಲು ನಿಂತದ್ದೂ ಒಂದು ಪಾಲೇ.

ಇದಕ್ಕೆ ಎದುರಾಗಿ ಇಟ್ಟು ನೋಡಬೇಕಾದದ್ದು ಸಿಂಧೂ ನದಿಯ ಪ್ರಕರಣ. ನನಗೆ ತುಂಬಾ ಇಷ್ಟವಾದ ತೀರ್ಪು, ಸ್ವಲ್ಪ ವಿವರವಾಗಿ ಹೇಳುತ್ತೇನೆ. 1943ರ ಆಗಸ್ಟ್. ಕೆಲವರು ದೋಣಿಯಲ್ಲಿ ಹೋಗಿ ದಡದಲ್ಲಿ ಜೊಂಡು ಕೊಯ್ದುಕೊಂಡು ವಾಪಸ್ ಬರುತ್ತಿದ್ದರು. ಜಮೀನಿನ ಕಡೆಯವನೊಬ್ಬ ದೋಣಿಯ ಹಗ್ಗ ಹಿಡಿದು ಜೊಂಡು ಕೊಡಿ ಅಂದ. ಇವರು ಕೊಡಲ್ಲ ಅಂದರು. ತಳ್ಳಾಟ ಆಯಿತು, ಕೋಲು ಬೀಸಿದರು, ದೋಣಿಯವನು ಬಿದಿರ ಗಳುವಿನಿಂದ ತಿರುಗಿ ಹೊಡೆದ. ಹೊಡೆಸಿಕೊಂಡವನು ಕೂಗಿಕೊಂಡ. ಅವನ ಕಡೆಯ ಇಬ್ಬರು ಬಂದೂಕು ಹಿಡಿದು ಬಂದರು. ದೋಣಿಯವರು ಓಡಿದರು. ಬಂದವರಲ್ಲಿ ಒಬ್ಬ ಹಾರಿಸಿದ ಗುಂಡಿಗೆ ಒಬ್ಬ ಸತ್ತ. ಇನ್ನೊಬ್ಬ, ಮಹಬೂಬ್ ಷಾ, ಹಾರಿಸಿದ್ದು ಬೇರೆಯವನಿಗೆ ತಗಲಿ ಗಾಯವಾಯಿತು. ಕೆಳಗಿನ ನ್ಯಾಯಾಲಯಗಳು ಮಹಬೂಬ್ ಷಾನಿಗೂ ಕೊಲೆಯ ಹೊಣೆ ಹೊರಿಸಿದ್ದವು. 1945ರಲ್ಲಿ ಪ್ರಿವಿ ಕೌನ್ಸಿಲ್ ಕೊಲೆಯ ಆರೋಪವನ್ನು ತೆಗೆದುಹಾಕಿತು. ಇಬ್ಬರಿಗೂ ಇದ್ದ ಸಮಾನ ಉದ್ದೇಶ ತಮ್ಮವನನ್ನು ಬಿಡಿಸಿಕೊಳ್ಳುವುದು. ಸಾಯಿಸೋಣ ಅಂತ ಇಬ್ಬರೂ ಸೇರಿ ಮನಸ್ಸು ಮಾಡಿದ್ದಕ್ಕೆ ಸಾಕ್ಷ್ಯ ಇಲ್ಲ. ಇಬ್ಬರ ಮನಸ್ಸಿನಲ್ಲೂ ಒಂದೇ ಥರದ ಯೋಚನೆ ಬಂದದ್ದು ಬೇರೆ, ಇಬ್ಬರೂ ಕೂಡಿ ಒಂದು ಯೋಚನೆ ಮಾಡಿದ್ದು ಬೇರೆ. ಕೂಡಿ ಯೋಚಿಸಲು ದಿನಗಟ್ಟಲೆ ಸಮಯ ಬೇಕಿಲ್ಲ, ಸ್ಥಳದಲ್ಲೇ ಆಗಬಹುದು ಅಂತ ಆಮೇಲಿನ ತೀರ್ಪುಗಳು ಹೇಳಿವೆ. ಆದರೆ ಅದಕ್ಕೆ ಸಾಕ್ಷ್ಯ ಬೇಕು.

149ಕ್ಕೆ ನಮ್ಮ ಮೈಸೂರು ರಾಜ್ಯದ್ದೇ ತೀರ್ಪೊಂದಿದೆ, 1956ರ ಚಿಕ್ಕರಂಗೇಗೌಡ ಪ್ರಕರಣ. ಗುಂಪಿನ ಗುರಿ ಒಬ್ಬನಿಗೆ ಬುದ್ಧಿ ಕಲಿಸುವುದು ಮಾತ್ರ ಆಗಿತ್ತು. ಒಳಗಿದ್ದವನೊಬ್ಬ ಅದನ್ನು ಮೀರಿ ಪ್ರಾಣ ತೆಗೆಯುವ ಏಟು ಹಾಕಿದ. ಹೀಗಾಗುತ್ತದೆ ಅಂತ ಉಳಿದವರಿಗೆ ಗೊತ್ತಿತ್ತು ಅನ್ನುವುದು ಸಾಬೀತಾಗದೆ ಕೊಲೆಯನ್ನು ಎಲ್ಲರ ತಲೆಗೆ ಕಟ್ಟಲಾಗದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೆ ಬಂದದ್ದು ಉತ್ತರ ಪ್ರದೇಶದ ಮಿಜಾಜಿ ಪ್ರಕರಣ. ಐದು ಜನ ಜಮೀನು ಕಿತ್ತುಕೊಳ್ಳಲು ಹೊರಟರು. ಒಬ್ಬನ ಕೈಯಲ್ಲಿ ಪಿಸ್ತೂಲು, ಒಬ್ಬನ ಕೈಯಲ್ಲಿ ಭರ್ಜಿ, ಉಳಿದವರದು ಲಾಠಿ. ಪಿಸ್ತೂಲಿನ ಗುಂಡಿಗೆ ಒಬ್ಬ ಸತ್ತ. ಇಲ್ಲಿ ಎಲ್ಲರೂ ಕೊಲೆಗೆ ಹೊಣೆಯಾದರು. ಪಿಸ್ತೂಲು ಹಿಡಿದು ಜಮೀನಿಗೆ ಹೋಗುವಾಗ ಎಲ್ಲಿಯವರೆಗೆ ಹೋಗಲು ತಯಾರಿದ್ದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಸುಮ್ನೆ ನೋಡಲು ನಿಂತವನು? ಅವನು ಅಕ್ರಮ ಕೂಟದವನಲ್ಲ. 1964ರ ಮಸಲ್ತಿ ತೀರ್ಪಿನ ನಂತರ ದೊಡ್ಡ ಗುಂಪಿನ ಕೇಸುಗಳಲ್ಲಿ ಎರಡು-ಮೂರು ಸಾಕ್ಷಿಗಳಾದರೂ ಒಬ್ಬನ ಬಗ್ಗೆ ಒಂದೇ ಥರ ಹೇಳಬೇಕು ಅನ್ನುವ ಎಚ್ಚರಿಕೆ ನಡೆದುಬಂದಿದೆ. ಊರ ಜಗಳದಲ್ಲಿ ಹಗೆಯವರ ಹೆಸರನ್ನೆಲ್ಲ ದೂರಿಗೆ ಸೇರಿಸುವುದು ನಮಗೆ ಹೊಸದಲ್ಲವಲ್ಲ. ಹಾಗೆಯೇ ಎರಡು ಬಣ ಎದುರುಬದುರು ಬಡಿದಾಡಿದ್ದರೆ 149 ಸಾಮಾನ್ಯವಾಗಿ ಹೊಂದುವುದಿಲ್ಲ, ಯಾರು ಮಾಡಿದ್ದಕ್ಕೆ ಅವರೇ ಹೊಣೆ.

ಜನರಿಗೆ ಆಶ್ಚರ್ಯ ಆಗುವ ಒಂದು ವಿಷಯ ಇಲ್ಲಿದೆ. ಒಂದೇ ಸಾವಿಗೆ ಒಬ್ಬ ಕೊಲೆಗಾರ, ಪಕ್ಕದವನು ಕೊಲೆಗಾರ ಅಲ್ಲ, ಹೀಗೂ ಆಗಬಹುದು. ಹಳೆಯ 38ನೇ ಸೆಕ್ಷನ್, ಈಗಿನ 3(9). ಒಬ್ಬ ತೀವ್ರವಾಗಿ ಕೆರಳಿಸಿದ್ದಕ್ಕೆ ಮೈಮೇಲೆ ಬೀಳುತ್ತಾನೆ. ಇನ್ನೊಬ್ಬನನ್ನು ಯಾರೂ ಕೆರಳಿಸಿಲ್ಲ, ಹಳೆಯ ಹಗೆ ತೀರಿಸಲು ಕೈ ಜೋಡಿಸುತ್ತಾನೆ. ಸಾಯಿಸಿದ್ದು ಇಬ್ಬರೂ. ಮೊದಲನೆಯವನದು ನರಹತ್ಯೆ, ಎರಡನೆಯವನದು ಕೊಲೆ. ಸಂಹಿತೆಯೇ ಕೊಡುವ ಉದಾಹರಣೆ ಇದು. ಗುಂಪಿನಲ್ಲಿದ್ದವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಕಿಲ್ಲ ಅಂತ ಕಾನೂನಿಗೆ ಗೊತ್ತು. ಸಾವು ಕೊಲೆಯೋ ಅಲ್ಲವೋ ಅನ್ನುವುದನ್ನು ಮೊದಲು ನಿರ್ಧರಿಸಿ, ಆಮೇಲೆ ಒಬ್ಬೊಬ್ಬನನ್ನೇ ನೋಡಿದರೆ, ಅಂಚಿನಲ್ಲಿ ನಿಂತವನಿಗೆ ಕಡಿಮೆ ಹೊಣೆ ಹೊರಿಸಲು ದಾರಿ ಇದೆ. ಅವನಿಗಾಗಿ ಇಡೀ ಕೊಲೆಯನ್ನೇ ನರಹತ್ಯೆ ಅನ್ನಬೇಕಾಗಿಲ್ಲ. 304ರ ಎರಡನೇ ಭಾಗವನ್ನೂ 34ರ ಜೊತೆ ಸೇರಿಸಬಹುದು ಅಂತ ಅಫ್ರಾಹಿಂ ಶೇಖ್ ತೀರ್ಪು 1964ರಲ್ಲೇ ಹೇಳಿದೆ.

ಈಗ ಆ ಮೂರು ಪ್ರಕರಣಗಳಿಗೆ ಹೋಗೋಣ. ಆ ನ್ಯಾಯಾಧೀಶರ ಮುಂದೆ ಇದ್ದ ಸಾಕ್ಷ್ಯವೆಲ್ಲ ನನ್ನ ಮುಂದೆ ಇಲ್ಲ. ಹಾಗಾಗಿ ಇಂಥದ್ದೇ ತಪ್ಪು ಅಂತ ಬೆರಳಿಟ್ಟು ತೋರಿಸುವುದು ಸರಿಯಲ್ಲ. ಆದರೆ 304ರ ಎರಡನೇ ಭಾಗ ಅಂದರೆ ಏನು ಅನ್ನುವುದನ್ನು ನೋಡಿ. ಸಾಯಬಹುದು ಅಂತ ತಿಳಿದಿತ್ತು, ಸಾಯಿಸುವ ಉದ್ದೇಶವೂ ಇರಲಿಲ್ಲ, ಸಾಯಿಸುವಂಥ ಗಾಯ ಮಾಡುವ ಉದ್ದೇಶವೂ ಇರಲಿಲ್ಲ ಅಂತ. ಕೈ ಕಟ್ಟಿ ಹೊಡೆದ ಜಾಗದಲ್ಲಿ ಇದನ್ನು ಹೇಳುವ ಮೊದಲು ಅಂದಾ ತೀರ್ಪಿನ ಪ್ರಶ್ನೆ ಕೇಳಲೇಬೇಕು. ಗಾಯಗಳೆಲ್ಲ ಕೂಡಿದರೆ ಏನು?

ಸರಾಯ್‌ಕೆಲಾದಲ್ಲಿ ತನಿಖೆಯ ಹಂತದಲ್ಲೇ ಇದು ಕಾಣಿಸಿತು. ಸಾವಿಗೆ ಕಾರಣ ಹೃದಯ ನಿಂತದ್ದು ಅಂತ ಹೇಳಿ ಪೊಲೀಸರು ಚಾರ್ಜ್‌ಶೀಟಿನಲ್ಲಿ ಮೊದಲು 302 ಬಿಟ್ಟು 304 ಹಾಕಿದರು. ಜನ ಪ್ರತಿಭಟಿಸಿದ ಮೇಲೆ, ಮತ್ತೆ ವೈದ್ಯರ ಅಭಿಪ್ರಾಯ ತೆಗೆದುಕೊಂಡು, 2019ರ ಸೆಪ್ಟೆಂಬರ್‌ನಲ್ಲಿ 302 ವಾಪಸ್ ಬಂತು. ಯಾರ ಹೃದಯ ಸಾವಿನ ಹೊತ್ತಿಗೆ ನಿಲ್ಲುವುದಿಲ್ಲ ಹೇಳಿ? ಯಾಕೆ ನಿಂತಿತು ಅನ್ನುವುದು ಪ್ರಶ್ನೆ. ಆಸ್ಪತ್ರೆಗೆ ಬೇಗ ಸೇರಿಸಿದ್ದರೆ ಬದುಕುತ್ತಿದ್ದ ಅನ್ನುವ ವಾದವೂ ಇಂಥ ಕಡೆ ಬರುತ್ತದೆ. ಅದಕ್ಕೆ ಸಂಹಿತೆಯ ವಿವರಣೆಯಲ್ಲೇ ಉತ್ತರ ಇದೆ. ಸರಿಯಾದ ಚಿಕಿತ್ಸೆಯಿಂದ ಸಾವು ತಪ್ಪಿಸಬಹುದಿತ್ತು ಅನ್ನುವ ಕಾರಣಕ್ಕೆ ಗಾಯ ಮಾಡಿದವನು ಸಾವಿನ ಹೊಣೆಯಿಂದ ಪಾರಾಗುವುದಿಲ್ಲ.

ಸಾಕ್ಷಿಗಳು ನಿಲ್ಲದಿದ್ದರೆ ಈ ಚರ್ಚೆಯೇ ಹುಟ್ಟುವುದಿಲ್ಲ ಅನ್ನುವುದೂ ನಿಜ. ಕಂಬಾಲಪಲ್ಲಿ ನಮ್ಮಲ್ಲಿ ಯಾರಿಗೆ ಮರೆತಿದೆ? 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟರು. ಅದು ಕೊಲೆಯೋ ನರಹತ್ಯೆಯೋ ಅಂತ ಯಾರೂ ಕೇಳಬೇಕಿರಲಿಲ್ಲ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಬಿದ್ದುಹೋದದ್ದು ಎರಡನೇ ಪ್ರಶ್ನೆ. ಯಾರು ಅನ್ನುವುದಕ್ಕೇ ಉತ್ತರ ಸಿಗಲಿಲ್ಲ.

ಹೊಸ ಕಾನೂನು ಏನನ್ನುತ್ತದೆ ಅಂತ ನೀವು ಕೇಳಬಹುದು. 2018ರ ಜುಲೈನಲ್ಲಿ ತೆಹ್ಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪು ಹತ್ಯೆಗೆ ಪ್ರತ್ಯೇಕ ಅಪರಾಧ ರೂಪಿಸಿ ಅಂತ ಸಂಸತ್ತಿಗೆ ಶಿಫಾರಸು ಮಾಡಿತು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವಷ್ಟಕ್ಕೆ, ವಾಟ್ಸಾಪ್ ಸುದ್ದಿ ನಂಬಿ ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಗುಂಪು ಬಡಿದು ಸಾಯಿಸಿತ್ತು. ಈಗಿನ 103(2) ಹೀಗಿದೆ. ಐದು ಅಥವಾ ಜಾಸ್ತಿ ಜನ ಕೂಡಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದ್ದೇ ಕಾರಣಕ್ಕೆ ಕೊಲೆ ಮಾಡಿದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. 2025ರ ಏಪ್ರಿಲ್‌ನಲ್ಲಿ ಮಂಗಳೂರಿನ ಕುಡುಪು ಬಳಿ ಒಬ್ಬನನ್ನು ಬಡಿದು ಸಾಯಿಸಿದ ಪ್ರಕರಣದಲ್ಲಿ ಪೊಲೀಸರು ಇದೇ ಸೆಕ್ಷನ್ ಹಾಕಿದ್ದಾರೆ.

ಈ ಸೆಕ್ಷನ್ ಎರಡನೇ ಪ್ರಶ್ನೆಯನ್ನು ಸುಲಭ ಮಾಡಿದೆ. ಮೊದಲನೆಯದನ್ನು ಮುಟ್ಟಿಲ್ಲ. ಅಲ್ಲಿರುವ ಮಾತು 'ಕೊಲೆ ಮಾಡಿದರೆ' ಅಂತ. ಕೊಲೆಯೇ ಹೌದೋ ಅನ್ನುವುದು 101ರ ಪ್ರಕಾರವೇ ತೀರ್ಮಾನ ಆಗಬೇಕು. ಇಲ್ಲ ಅಂದರೆ ಮತ್ತೆ 105, ನರಹತ್ಯೆ. ಅದರ ಮೊದಲ ಭಾಗಕ್ಕೆ ಈಗ ಕನಿಷ್ಠ 5 ವರ್ಷ ಅಂತ ಆಗಿದೆ, ಅಷ್ಟೇ ವ್ಯತ್ಯಾಸ. ಗುಂಪಿನ ತೀವ್ರ ಹಲ್ಲೆಗೆ ಅಂತ 117(4) ಬಂದಿದೆ, ಅದಕ್ಕೆ 7 ವರ್ಷದವರೆಗೆ ಸಜೆ. ಇಳಿಯುವ ಮೆಟ್ಟಿಲುಗಳೆಲ್ಲ ಹಾಗೆಯೇ ಇವೆ. ಕಳ್ಳತನದ ಅನುಮಾನ, ಮಕ್ಕಳ ಕಳ್ಳ ಅನ್ನುವ ವದಂತಿ 'ಅಂಥದ್ದೇ ಕಾರಣ' ಅನ್ನುವುದರೊಳಗೆ ಬರುತ್ತದೋ ಇಲ್ಲವೋ ಅಂತ ವಾದ ನಡೆಯಲಿದೆ. ಅಟ್ಟಪ್ಪಾಡಿ, ಸರಾಯ್‌ಕೆಲಾ, ಮುರ್ಕಿ ಮೂರರಲ್ಲೂ ಹೊಡೆದವರು ಬಾಯಲ್ಲಿ ಹೇಳಿದ ಕಾರಣ ಅದೇ ಆಗಿತ್ತು.

ಇಲ್ಲಿ ಕಾನೂನು ವಿದ್ಯಾರ್ಥಿಗಳಿದ್ದೀರಿ, ಕೆಲವರು ನಾಳೆ ಸರ್ಕಾರಿ ಅಭಿಯೋಜಕರಾಗುತ್ತೀರಿ. ವೈದ್ಯರು ಸಾಕ್ಷಿಕಟ್ಟೆಗೆ ಬಂದಾಗ ಶವಪರೀಕ್ಷೆಯ ವರದಿಯಲ್ಲಿರುವ ಗಾಯಗಳನ್ನು ಒಂದೊಂದಾಗಿ ಓದಿಸಿ, ಸಾವಿಗೆ ಕಾರಣ ಕೇಳಿ ಕೂತುಬಿಡುವುದು ರೂಢಿ. ಇನ್ನೊಂದು ಪ್ರಶ್ನೆ ಕೇಳಿ. ಈ ಗಾಯಗಳೆಲ್ಲ ಒಟ್ಟಾಗಿ, ಸಹಜವಾಗಿ, ಒಬ್ಬ ಮನುಷ್ಯನನ್ನು ಸಾಯಿಸಲು ಸಾಕೇ? ಉತ್ತರ ಹೌದು ಅಂತಲಾಗಲಿ, ಇಲ್ಲ ಅಂತಲಾಗಲಿ, ದಾಖಲೆಯಲ್ಲಿ ಬರಬೇಕು. ತನಿಖಾಧಿಕಾರಿ ಅದನ್ನು ಚಾರ್ಜ್‌ಶೀಟ್ ಹಾಕುವ ಮೊದಲೇ ಬರಹದಲ್ಲಿ ಕೇಳಿ ತರಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು. ಆ ಒಂದು ಸಾಲು ಇಲ್ಲದ ಕಡತದಲ್ಲಿ ಮೂರನೇ ಬಗೆಯ ಕೊಲೆಯನ್ನು ಸಾಬೀತು ಮಾಡುವುದು ಯಾವ ನ್ಯಾಯಾಲಯದಲ್ಲೂ ಕಷ್ಟವೇ.